ಹಳೆಯ ಕುರ್ಚಿ ಮತ್ತು ಇಚ್ಛಾಪರಿಮಾಣ

ಪರಿಗ್ರಹಪರಿಮಾಣ ವ್ರತದ ಮಾತು ಬಂದಾಗ ಶ್ರಾವಕರ ಮನಸ್ಸು ಮೊದಲು ಹೊಲ, ಮನೆ, ಚಿನ್ನ, ಬೆಳ್ಳಿ, ಬ್ಯಾಂಕಿನ ಠೇವಣಿ ಇವುಗಳ ಕಡೆಗೆ ಹರಿಯುತ್ತದೆ. ಹಜಾರದ ಮೂಲೆಯಲ್ಲಿರುವ ಕುರ್ಚಿಯ ಕಡೆಗೆ ಹರಿಯುವುದು ಅಪರೂಪ. ಶಾಸ್ತ್ರಕಾರರು ಮಾತ್ರ ಅದನ್ನು ಮರೆತವರಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಹೊಲಮನೆ, ಬೆಳ್ಳಿಬಂಗಾರ, ದನಧಾನ್ಯ, ಆಳುಕಾಳು ಇವುಗಳಾದ ಮೇಲೆ ಕೊನೆಯಲ್ಲಿ ಕುಪ್ಯವನ್ನೂ ಸೇರಿಸಿದ್ದಾರೆ. ಬಟ್ಟೆಬರೆ, ಪಾತ್ರೆಪಡಗ ಮೊದಲಾದ ಮನೆಬಳಕೆಯ ಸಾಮಾನುಗಳೆಲ್ಲ ಆ ಒಂದು ಮಾತಿನಲ್ಲಿ ಅಡಗುತ್ತವೆ. ಕುಪ್ಯವು ಪಟ್ಟಿಯಲ್ಲಿ ಕೊನೆಯದು. ಮನೆಯೊಳಗೆ ಸದ್ದಿಲ್ಲದೆ ಬೆಳೆಯುವುದರಲ್ಲಿ ಅದೇ ಮೊದಲನೆಯದು.

ಈಚಿನ ವರ್ಷಗಳಲ್ಲಿ ಈ ಕುಪ್ಯಕ್ಕೆ ಹೊಸದೊಂದು ಗೌರವ ಬಂದಿದೆ. ಹೊಸದಕ್ಕಲ್ಲ, ಹಳೆಯದಕ್ಕೆ. 1950ರಿಂದ 1970ರವರೆಗಿನ ಎರಡು ಮೂರು ದಶಕಗಳಲ್ಲಿ ಮೈಸೂರು ರಾಜ್ಯದ ಮಧ್ಯಮವರ್ಗದ ಮನೆಗಳಲ್ಲಿ ಇದ್ದ ಸಾಮಾನುಗಳನ್ನು ಹಿರಿಯ ಓದುಗರು ಕಣ್ಣುಮುಚ್ಚಿ ನೆನೆಯಬಲ್ಲರು: ಬೆತ್ತ ಹೆಣೆದ ಸಾಗುವಾನಿ ಕುರ್ಚಿ, ಅಡಿಯಲ್ಲಿ ಸಣ್ಣಗಾಗುತ್ತ ಹೊರಕ್ಕೆ ಚಾಚಿದ ಕಾಲುಗಳ ಟೀಪಾಯಿ, ಸನ್‌ಮೈಕಾ ಹೊದಿಸಿದ ಮೇಜು, ಕಸೂತಿ ಬಟ್ಟೆ ಮುಚ್ಚಿದ ವಾಲ್ವ್ ರೇಡಿಯೋ, ಕಪ್ಪು ಬೇಕಲೈಟಿನ ಸ್ವಿಚ್ಚು, ಗಾಜಿನ ಶೋಕೇಸಿನೊಳಗೆ ಚನ್ನಪಟ್ಟಣದ ಗಂಡುಹೆಣ್ಣಿನ ಬೊಂಬೆ. ಇವುಗಳಲ್ಲಿ ಬಹುಪಾಲು ಅಟ್ಟ ಸೇರಿದವು, ಅಲ್ಲಿಂದ ಗುಜರಿ ಸೇರಿದವು. ಈಗ ಅವುಗಳನ್ನು ಗುಜರಿಯಿಂದ ಎತ್ತಿ, ಉಜ್ಜಿ, ಪಾಲಿಷ್ ಹಚ್ಚಿ ಬೆಂಗಳೂರಿನ ಅಂಗಡಿಗಳಲ್ಲಿ ಹೊಸ ಸೋಫಾಕ್ಕಿಂತ ಹೆಚ್ಚಿನ ಬೆಲೆಗೆ ಮಾರುತ್ತಾರೆ. 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿದ ಎಚ್.ಎಂ.ಟಿ.ಯ ಗಡಿಯಾರ ಘಟಕವು 2016ರಲ್ಲಿ ಮುಚ್ಚಿದ ಮೇಲೆ, ಅದರ ಕೀಲಿ ಕೊಡುವ ಹಳೆಯ ಗಡಿಯಾರಗಳನ್ನು ಹುಡುಕಿ ಕೊಳ್ಳುವವರು ಹುಟ್ಟಿಕೊಂಡದ್ದೂ ಇದೇ ಬಗೆಯ ಮಾತು.

ಹೀಗೆ ಕೊಳ್ಳುವವರಲ್ಲಿ ವ್ರತನಿಷ್ಠರೂ ಇದ್ದಾರೆ. ಅವರು ಕೊಡುವ ಕಾರಣವೂ ಕೇಳಲು ಯೋಗ್ಯವಾದದ್ದು: ಹೊಸ ಮರ ಕಡಿಸಲಿಲ್ಲ, ಹೊಸ ಕಾರ್ಖಾನೆಗೆ ಕೆಲಸ ಕೊಡಲಿಲ್ಲ, ಕಸವಾಗಬೇಕಿದ್ದುದನ್ನು ಉಳಿಸಿದೆವು, ಇದು ಭೋಗವಲ್ಲ, ಸಂಯಮವೇ. ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ವಿಚಾರಾರ್ಹವಾಗಿದೆ.

ಮಾಗಡಿಯ ಹಳೆಯ ಬೀದಿಯೊಂದರಲ್ಲಿ ಒಂದು ತೊಟ್ಟಿಮನೆಯನ್ನು ಊಹಿಸಿಕೊಂಡರೆ ಪ್ರಶ್ನೆ ಸ್ಪಷ್ಟವಾಗುತ್ತದೆ. ಅಲ್ಲಿಯ ಗೃಹಸ್ಥನು ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ, ಮನೆಯಲ್ಲಿ ಆರಕ್ಕಿಂತ ಹೆಚ್ಚು ಕುರ್ಚಿಗಳನ್ನು ಇಟ್ಟುಕೊಳ್ಳುವುದಿಲ್ಲವೆಂದು ಗುರುಗಳ ಮುಂದೆ ನಿಯಮ ಹಿಡಿದಿದ್ದಾನೆ. ಅಣ್ಣತಮ್ಮಂದಿರು ಪಾಲಾದಾಗ ಅಜ್ಜನ ಬೀಟೆಮರದ ಆರಾಮಕುರ್ಚಿ ಅವನ ಪಾಲಿಗೆ ಬಂತು. ಅದು ಏಳನೆಯದು. ಬೆತ್ತ ಹರಿದಿದೆ, ಕೈಯೊರಗು ಅಜ್ಜನ ಅಂಗೈ ಸವೆಸಿ ಸವೆಸಿ ನುಣುಪಾಗಿದೆ. ಬೆಂಗಳೂರಿನಿಂದ ಬಂದ ಹಳೆಯ ಸಾಮಾನಿನ ವ್ಯಾಪಾರಿ ಅದನ್ನು ನೋಡಿ, “ಯಜಮಾನರೇ, ಈ ಮುರುಕನ್ನು ಕೊಡಿ, ಬದಲಿಗೆ ಹೊಸ ಸೋಫಾ ಸೆಟ್ಟನ್ನೇ ತಂದಿಳಿಸುತ್ತೇನೆ” ಎನ್ನುತ್ತಾನೆ. ಕೊಟ್ಟರೆ ಲೆಕ್ಕ ಕೆಡುತ್ತದೆ, ಇಟ್ಟುಕೊಂಡರೂ ಕೆಡುತ್ತದೆ. ಅವನು ಏನು ಮಾಡಬೇಕು?

ಲೆಕ್ಕದ ವಿಷಯದಲ್ಲಿ ಮನುಷ್ಯನ ಬುದ್ಧಿ ಎಷ್ಟು ಚುರುಕೆಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು. ಶ್ವೇತಾಂಬರ ಪರಂಪರೆಯ ಶ್ರಾವಕಾಚಾರಗಳಲ್ಲಿ ಕುಪ್ಯದ ಅತಿಚಾರವನ್ನು ವಿವರಿಸುವಾಗ ಒಂದು ಸೊಗಸಾದ ದೃಷ್ಟಾಂತ ಬರುತ್ತದೆ: ಇಂತಿಷ್ಟೇ ಪಾತ್ರೆಗಳೆಂದು ಮಿತಿ ಹಾಕಿಕೊಂಡವನು, ಹೆಚ್ಚಿಗೆ ಬಂದ ಪಾತ್ರೆಗಳನ್ನು ಕರಗಿಸಿ ಇದ್ದವನ್ನೇ ದಪ್ಪಗೆ, ದೊಡ್ಡದಾಗಿ ಮಾಡಿಸಿಕೊಳ್ಳುತ್ತಾನೆ. ಸಂಖ್ಯೆ ಕೆಡಲಿಲ್ಲ, ವ್ರತ ಕೆಟ್ಟಿತು. ಏಕಾಶನದ ದಿನ ಒಂದೇ ಹೊತ್ತು ಉಣ್ಣುತ್ತೇನೆಂದು ಎರಡು ಹೊತ್ತಿನದನ್ನು ಎಲೆಯ ಮೇಲೆ ಒಟ್ಟಿಸಿಕೊಳ್ಳುವವನ ಜಾತಿಗೇ ಇವನೂ ಸೇರಿದವನು. ಸಾಮಾನ್ಯವಾದ ಆರು ಕುರ್ಚಿಗಳನ್ನು ತೆಗೆದು ಅಪರೂಪದ ಆರು ಕುರ್ಚಿಗಳನ್ನು ತಂದಿಟ್ಟರೂ ಲೆಕ್ಕ ಆರೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನು ಕೊಟ್ಟದ್ದು ಈ ಕಾರಣದಿಂದಲೇ ಇರಬೇಕು. ಅಳೆಯಬೇಕಾದದ್ದು ಇಚ್ಛೆಯನ್ನು, ಕುರ್ಚಿಗಳ ಸಂಖ್ಯೆ ಅದಕ್ಕೆ ಹಿಡಿದ ಕೋಲು ಮಾತ್ರ.

ಅದೇ ಆಚಾರ್ಯರು ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ವಿಸ್ಮಯವೂ ಒಂದು. ಬೆರಗಾಗುವುದು ಹೇಗೆ ದೋಷವಾದೀತು ಎಂದು ಓದುಗರಿಗೆ ಅನಿಸಬಹುದು. ವ್ಯಾಖ್ಯಾನಕಾರ ಪ್ರಭಾಚಂದ್ರರ ವಿವರಣೆಯ ತಾತ್ಪರ್ಯವಿಷ್ಟು: ತಾನು ಮಾರಿಬಿಟ್ಟ ಅಥವಾ ಕೊಳ್ಳದೆ ಬಿಟ್ಟ ಸರಕಿಗೆ ಆಮೇಲೆ ಹೆಚ್ಚಿನ ಬೆಲೆ ಬಂದುದನ್ನು ಕಂಡು ಲೋಭದಿಂದ ಬೆರಗುಗೊಂಡು ಕೊರಗುವುದೇ ಆ ವಿಸ್ಮಯ. ಇಷ್ಟು ಹಳೆಯ ಮಾತಿಗೆ ಈ ಕಾಲದ ಉದಾಹರಣೆಯೊಂದು ಚಂಡೀಗಢದಲ್ಲಿ ದೊರೆಯುತ್ತದೆ. ಆ ನಗರವನ್ನು ಕಟ್ಟುವಾಗ, ಲ ಕಾರ್ಬೂಸಿಯೆಯ ದಾಯಾದಿ ಸಹೋದರನಾದ ಪಿಯರ್ ಜಾನರೆ 1951ರಿಂದ 1965ರವರೆಗೆ ಅಲ್ಲಿದ್ದು, ಸರ್ಕಾರಿ ಕಚೇರಿ, ವಿಶ್ವವಿದ್ಯಾನಿಲಯ, ಉಚ್ಚ ನ್ಯಾಯಾಲಯಗಳಿಗಾಗಿ ಕುರ್ಚಿ ಮೇಜುಗಳನ್ನು ರೂಪಿಸಿದನು. ಸ್ಥಳೀಯ ಬಡಗಿಗಳು ಮಾಡಿದ ಸಾಗುವಾನಿ ಮತ್ತು ಬೆತ್ತದ ಕುರ್ಚಿಗಳವು. ತಲೆಕೆಳಗಾದ ವಿ ಅಕ್ಷರದಂತಿರುವ ಕಾಲುಗಳು ಅವುಗಳ ಗುರುತು. ಗುಮಾಸ್ತರು ಕುಳಿತು ಸವೆಸಿದ ಮೇಲೆ ಅವು ಮಾಳಿಗೆಗಳ ಮೇಲೆ ಮಳೆಬಿಸಿಲಿಗೆ ಬಿದ್ದವು, ಸರ್ಕಾರಿ ಹರಾಜಿನಲ್ಲಿ ಗುಜರಿಯ ಬೆಲೆಗೆ ಹೋದವು. ಆಮೇಲೆ ಅವೇ ಕುರ್ಚಿಗಳು ಪ್ಯಾರಿಸ್, ನ್ಯೂಯಾರ್ಕುಗಳ ಹರಾಜಿನಲ್ಲಿ ಲಕ್ಷಾಂತರ ರೂಪಾಯಿಗೆ ಮಾರಾಟವಾದ ಸುದ್ದಿ ಬಂತು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯವು ಅಂಥ ಪೀಠೋಪಕರಣಗಳನ್ನು ಪರಂಪರೆಯ ವಸ್ತುಗಳೆಂದು ಪರಿಗಣಿಸಿ ಅವುಗಳ ಮಾರಾಟ ಮತ್ತು ರಫ್ತನ್ನು ತಡೆಯಲು ಆದೇಶಿಸಿತು. ಕುರ್ಚಿ ಮೊದಲಿದ್ದ ಕುರ್ಚಿಯೇ. ಗುಜರಿಯಾಗಿದ್ದಾಗ ಯಾರೂ ಅದಕ್ಕಾಗಿ ನಿದ್ದೆಗೆಡಲಿಲ್ಲ. ಬೆಲೆ ತಿಳಿದ ಮೇಲೆ ಮಾರಿದವರೂ ಕೊಳ್ಳದವರೂ ಕೊರಗಿದರು. ಮಾಗಡಿಯ ಗೃಹಸ್ಥನ ಅಟ್ಟದಲ್ಲಿ ಕುರ್ಚಿ ಮೂವತ್ತು ವರ್ಷ ಸುಮ್ಮನಿತ್ತು. ವ್ಯಾಪಾರಿ ಬಂದುಹೋದ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲವಾದರೆ, ಆ ಮೂವತ್ತು ವರ್ಷ ಪರಿಗ್ರಹವಲ್ಲದ್ದು ಆ ಒಂದು ರಾತ್ರಿಯಲ್ಲಿ ಪರಿಗ್ರಹವಾಯಿತೆಂದೇ ತಿಳಿಯಬೇಕು.

ಇನ್ನು ಹಿಂಸೆಯ ಪ್ರಶ್ನೆ. ಹಳೆಯ ವಸ್ತುವಿನಲ್ಲಿ ಹಿಂಸೆ ಮುಗಿದುಹೋಗಿದೆ, ಈಗ ಕೊಳ್ಳುವವನಿಗೆ ಅದು ತಟ್ಟದು ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಾನು ಮಾಡಲಿಲ್ಲ, ಮಾಡಿಸಲಿಲ್ಲ. ಕೃತವೂ ಇಲ್ಲ, ಕಾರಿತವೂ ಇಲ್ಲ. ಉಳಿದದ್ದು ಅನುಮೋದನೆಯೊಂದೇ. ಮೈಸೂರಿನ ಬೀಟೆಮರದ ಸಾಮಾನುಗಳನ್ನೇ ನೋಡಬಹುದು. ಅವುಗಳ ಮೇಲಿನ ಕುಸುರಿಗೆ ಹಿಂದೆ ಆನೆಯ ದಂತವನ್ನು ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಮುಂದೆ 1986 ಮತ್ತು 1991ರ ತಿದ್ದುಪಡಿಗಳು ಬಂದ ಮೇಲೆ ದಂತದ ವ್ಯಾಪಾರ ನಿಂತುಹೋಯಿತು. ನೂರು ವರ್ಷದ ಹಿಂದೆ ಸತ್ತ ಆನೆ ಇಂದು ಆ ಮೇಜನ್ನು ಮಾರದಿದ್ದರೆ ಬದುಕಿ ಬರುವುದಿಲ್ಲ. ಆದರೂ ಕಾನೂನು ಹಳೆಯ ದಂತವೆಂದು ರಿಯಾಯಿತಿ ತೋರುವುದಿಲ್ಲ. ಹಳೆಯದಕ್ಕೆ ಪೇಟೆ ತೆರೆದಿದ್ದರೆ ಹೊಸದು ಹಳೆಯದರ ವೇಷದಲ್ಲಿ ಬರುತ್ತದೆ ಎಂಬುದು ಅದರ ತರ್ಕ. ಅನುಮೋದನೆಯು ಕಾರಿತವಾಗಿ ತಿರುಗುವ ಬಗೆಯನ್ನು ಶಾಸನವು ಇಲ್ಲಿ ಶಾಸ್ತ್ರದಷ್ಟೇ ಸ್ಪಷ್ಟವಾಗಿ ಕಂಡಿದೆ.

ಮರದ ವಿಷಯದಲ್ಲಿಯೂ ಹೀಗೆಯೇ ಆಗುತ್ತಿದೆ. ಹಳೆಯ ಕುರ್ಚಿಗಳು ಎಣಿಕೆಯವು, ಬಯಸುವವರು ಅಗಣಿತ. ಆದ್ದರಿಂದ ಚಂಡೀಗಢದ ಕುರ್ಚಿಯ ಪ್ರತಿಕೃತಿಗಳನ್ನು ಹೊಸ ಸಾಗುವಾನಿಯಿಂದ ಮಾಡಿ ಮಾರುವ ಅಂಗಡಿಗಳು ಎಲ್ಲೆಡೆ ತೆರೆದಿವೆ. ಹೊಸ ಮರಕ್ಕೆ ಬೇಕೆಂದೇ ಗೀರು ಹಾಕಿ, ಬಣ್ಣ ಕಂದಿಸಿ, ವಯಸ್ಸು ತೋರಿಸುವವರೂ ಉಂಟು. ವೈರಾಗ್ಯವಿಲ್ಲದವನು ಜಡೆ ಬೆಳೆಸಿದಂತೆ! ಹಳೆಯದನ್ನು ಕೊಂಡು ಮೆಚ್ಚುವವನು ಈ ಹೊಸ ಕಡಿತಕ್ಕೆ ತಾನು ಹೊಣೆಯಲ್ಲವೆನ್ನಬಹುದು. ಆದರೆ ಮನೆಗೆ ಬಂದವರಿಗೆಲ್ಲ ಆ ಕುರ್ಚಿಯನ್ನು ತೋರಿಸಿ, ಅದರ ವಂಶಾವಳಿ ಹೇಳಿ, ಅವರಲ್ಲಿ ಆಸೆ ಹುಟ್ಟಿಸಿ ಕಳಿಸಿದವನು ತಾನೇ ಅಲ್ಲವೆ?

ಇದಕ್ಕಿಂತ ಸೂಕ್ಷ್ಮವಾದ, ಇಷ್ಟು ಸುಲಭವಾಗಿ ತೀರ್ಮಾನಿಸಲಾಗದ ಪ್ರಶ್ನೆ ಚನ್ನಪಟ್ಟಣದ್ದು. ಅಲ್ಲಿಯ ಬಣ್ಣದ ಕೆಲಸ ಟಿಪ್ಪುವಿನ ಕಾಲದಲ್ಲಿ ಪರ್ಷಿಯದ ಕುಶಲಿಗಳಿಂದ ಬಂತೆಂಬುದು ಪ್ರತೀತಿ. ಹಗುರವಾದ, ಬೆಳ್ಳಗಿನ ಹಾಲೆಮರವನ್ನು ಒಣಗಿಸಿ, ಲೇತಿಗೆ ಹಾಕಿ ಉಳಿಯಿಂದ ಕಡೆಯುತ್ತಾರೆ; ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆಯ ಎಲೆಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಅರಿಶಿನದಿಂದ ಹಳದಿ, ನೀಲಿಗಿಡದಿಂದ ನೀಲಿ. ಕುಂಚವಿಲ್ಲ, ಡಬ್ಬಿಯ ಬಣ್ಣವಿಲ್ಲ; ನಾಲ್ಕು ನಿಮಿಷದಲ್ಲಿ ಬಿಳಿಯ ಕಟ್ಟಿಗೆಯ ತುಂಡು ಕುಂಕುಮದ ಭರಣಿಯಾಗುವುದನ್ನು ನೋಡಿದವರು ಮರೆಯಲಾರರು. ಗಿಲಕಿ, ಬುಗುರಿ, ಭರಣಿಗಳ ಜೊತೆಗೆ ಈಗ ಬಾಗಿಲ ಹಿಡಿಕೆ, ದೀಪದ ಕಂಬ, ಪುಟ್ಟ ಸ್ಟೂಲು ಮುಂತಾದ ಮನೆಯ ಅಲಂಕಾರದ ವಸ್ತುಗಳೂ ಅಲ್ಲಿಂದ ಬರುತ್ತವೆ. ಹಳೆಯ ಕಾಲದ ರುಚಿಯಲ್ಲಿ ಮನೆ ಸಿಂಗರಿಸುವವರು ಅವನ್ನು ವಿಶೇಷವಾಗಿ ಅರಸುತ್ತಾರೆ. 2005-06ರಲ್ಲಿ ಈ ಆಟಿಕೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಆದರೆ ಅರಗು ಏನು? ಮುತ್ತುಗ, ಬೋರೆ ಮುಂತಾದ ಮರಗಳ ಎಳೆಗೊಂಬೆಗಳಿಗೆ ಕಚ್ಚಿಕೊಂಡು ರಸ ಹೀರುವ ಅತಿಸಣ್ಣ ಕೀಟವು ತನ್ನ ಮೈಯ ಸುತ್ತ ಸ್ರವಿಸಿಕೊಂಡ ಮನೆಯದು. ಹೆಣ್ಣುಕೀಟ ಒಮ್ಮೆ ನೆಲೆನಿಂತರೆ ಮತ್ತೆ ಕದಲುವುದಿಲ್ಲ. ಆ ಮನೆಯೊಳಗೇ ಅದರ ಬಾಳು, ಸಾವು. ಕೊಂಬೆಗಳನ್ನು ಕತ್ತರಿಸಿ, ಅರಗನ್ನು ಕೆರೆದು, ಪುಡಿಮಾಡಿ, ತೊಳೆದು ಶುದ್ಧಿಮಾಡುವಾಗ ಉಳಿದ ಜೀವಗಳು ಉಳಿಯುವುದಿಲ್ಲ. ತೊಳೆದ ನೀರಿಗೆ ಬರುವ ಕೆಂಪು ಆ ಮೈಗಳದೇ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ವೃತ್ತಿಗಳ ಸಾಲಿನಲ್ಲಿ ವನಕರ್ಮ, ದಂತವಾಣಿಜ್ಯಗಳೊಡನೆ ಲಾಕ್ಷಾವಾಣಿಜ್ಯವೂ ನಿಂತಿರುವುದು ಆಕಸ್ಮಿಕವಲ್ಲ. ಅರಗಿನ ಅರಮನೆಯಲ್ಲಿ ಬೇಯದೆ ಪಾರಾದ ಪಾಂಡವರ ಕಥೆಯನ್ನು ಪಂಪನ ಕಾವ್ಯದಲ್ಲಿ ಓದಿದವರು, ಆ ಅರಮನೆಯ ಗೋಡೆಯಲ್ಲಿಯೇ ಅದೆಷ್ಟು ಮನೆಗಳು ಅಳಿದಿದ್ದವೆಂದು ಯೋಚಿಸಿರಲಾರರು. ಉಪವಾಸಪಾರಣೆಗಳಲ್ಲಿ ಅತ್ಯಂತ ಎಚ್ಚರವಹಿಸುವವರೂ ತಿಳಿದಿರಬೇಕಾದ ಸಂಗತಿಯೊಂದಿದೆ: ಕೆಲವು ಮಾತ್ರೆಗಳಿಗೂ ಮಿಠಾಯಿಗಳಿಗೂ ಹೊಳಪು ಕೊಡುವ ಲೇಪ ಇದೇ ಅರಗು.

ಅದೇ ಹೆದ್ದಾರಿಯಲ್ಲಿ ಹನ್ನೆರಡು ಕಿಲೋಮೀಟರು ಈಚೆಗಿರುವ ರಾಮನಗರದಲ್ಲಿ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಿದೆ. ಕನಕಪುರ, ಮಾಗಡಿಗಳ ಕಡೆಯ ಹಿಪ್ಪುನೇರಳೆ ತೋಟಗಳಿಂದ ಗೂಡು ಅಲ್ಲಿಗೆ ಬರುತ್ತದೆ, ನೂಲು ಬಿಚ್ಚುವ ಮೊದಲು ಬಿಸಿನೀರಿಗೆ ಬೀಳುತ್ತದೆ. ರೇಷ್ಮೆಯ ಹಿಂಸೆಯನ್ನು ಬಹುಮಂದಿ ಅರಿತು ಹತ್ತಿಯ ಪಂಚೆಗೆ ಮರಳಿದ್ದಾರೆ. ಅರಗಿನದು ಮಾತ್ರ ಬಣ್ಣದ ಮರೆಯಲ್ಲಿ ಉಳಿದುಕೊಂಡಿದೆ. ಬೊಂಬೆಯ ನಗುಮುಖವನ್ನು ನೋಡಿದವರಿಗೆ ಅದು ನೆನಪಾಗುವುದಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಅನ್ಯಾಯವಾದೀತು. ಚನ್ನಪಟ್ಟಣದ ಕುಶಲಿಗೆ ಲೇತು ತಾತನ ಆಸ್ತಿ. ಚೀನದ ಪ್ಲಾಸ್ಟಿಕ್ ಆಟಿಕೆಗಳು ಬಂದಾಗ ಅವನ ಕೆಲಸ ಕುಗ್ಗಿತು. 2015ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರದ ಮೇಲೆ ಅವನ ಬೊಂಬೆಗಳು ದೆಹಲಿಯ ರಾಜಪಥದಲ್ಲಿ ಸಾಗಿದವು. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಊರನ್ನು ಬಳಸಿ ಹೋದ ಮೇಲೆ ಹಳೆಯ ರಸ್ತೆಯಂಚಿನ ಬೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲಿಸುವವರು ಕಡಿಮೆಯಾದರು. ಊರೆಲ್ಲ ಇಚ್ಛಾಪರಿಮಾಣ ಹಿಡಿದರೆ ಅವನ ಒಲೆ ಉರಿಯುವುದು ಹೇಗೆ? ಇನ್ನೊಬ್ಬರ ಹಸಿವಿನ ಖರ್ಚಿನಲ್ಲಿ ನಡೆಯುವ ಸಂಯಮಕ್ಕೆ ಬೆಲೆಯೇನು?

ಈ ಆಕ್ಷೇಪದಲ್ಲಿ ಕರುಣೆಯಿದೆ. ಆದರೆ ಒಂದು ಜಾರುವ ಹೆಜ್ಜೆಯೂ ಇದೆ. ಕುಶಲಿಗಾಗಿ ಕೊಳ್ಳುತ್ತೇನೆನ್ನುವವರು ಸಾಮಾನ್ಯವಾಗಿ ಕುಶಲಿಯ ಹೆಸರನ್ನೂ ಕೇಳಿರುವುದಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ತೆತ್ತ ಬೆಲೆಯಲ್ಲಿ ಅವನ ಕೈಗೆ ಎಷ್ಟು ಸೇರಿತೆಂದು ವಿಚಾರಿಸಿರುವುದೂ ಇಲ್ಲ. ತನ್ನ ಆಸೆಗೆ ಪರರ ಹೊಟ್ಟೆಯ ಹೆಸರಿಡುವುದು ಲೋಭದ ಹಳೆಯ ಚಾತುರ್ಯ. ತೊಟ್ಟಿಲ ಮಗುವಿಗೆ ಒಂದು ಗಿಲಕಿ ಬೇಕು. ಅದನ್ನು ಕಡೆದವನ ಕೈಯಿಂದಲೇ, ಅವನು ಕೇಳಿದ ಬೆಲೆಗೆ ಕೊಂಡರೆ, ಅದು ಮುಂದಿನ ಮಗುವಿಗೂ ಬಾಳುತ್ತದೆ. ಅರಗಿನ ಹಿಂಸೆ ಅದರಲ್ಲಿಯೂ ಇದೆ, ಇಲ್ಲವೆನ್ನುವಂತಿಲ್ಲ. ಅರಗು ಹಚ್ಚದೆ ಬಿಳಿಯಾಗಿಯೇ ಕಡೆದುಕೊಡೆಂದು ಕೇಳಿದರೆ ಅವನು ಕೊಡಲೂಬಲ್ಲ. ಬಣ್ಣ ಚೆನ್ನಾಗಿದೆಯೆಂದು ಹದಿನೈದು ಹಿಡಿಕೆಗಳನ್ನು ಕೊಂಡು, ಇದ್ದ ಹಿತ್ತಾಳೆಯ ಹಿಡಿಕೆಗಳನ್ನು ಕಿತ್ತು ಡಬ್ಬಿಗೆ ಹಾಕುವುದು ಬೇರೆಯೇ ಮಾತು. ಕುಶಲಿಯ ಜೀವನೋಪಾಯದ ಪ್ರಶ್ನೆ ಇಷ್ಟರಿಂದ ಬಗೆಹರಿಯಿತೆಂದಲ್ಲ. ಅದನ್ನು ಬಗೆಹರಿಸಬೇಕಾದ ಸ್ಥಳ ದಾನವೂ ನ್ಯಾಯವಾದ ಕೂಲಿಯೂ ಹೊರತು ಶ್ರೀಮಂತನ ಶೋಕೇಸಲ್ಲ.

ಬಳಕೆ ಮತ್ತು ಪ್ರದರ್ಶನ ಇವುಗಳ ನಡುವಣ ಈ ಅಂತರವನ್ನು, ವ್ರತದ ಗಂಧವಿಲ್ಲದ ಪರದೇಶದ ಇಬ್ಬರು ಕಂಡುಕೊಂಡದ್ದು ಸ್ವಾರಸ್ಯದ ಸಂಗತಿ. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿಗಳು ಅಂದಿನ ಕುರ್ಚಿಗಳನ್ನು ರೂಪಿಸಿ ಜಗತ್ತಿನಲ್ಲಿ ಹೆಸರಾದವರು. ಇಂದು ಹಳೆಯ ಪೀಠೋಪಕರಣದ ಭಕ್ತರು ಪೂಜಿಸುವ ಹೆಸರು ಅವರದು. ಭಾರತ ಸರ್ಕಾರದ ಆಹ್ವಾನದ ಮೇಲೆ ದೇಶ ಸುತ್ತಿ 1958ರಲ್ಲಿ ಅವರು ಸಲ್ಲಿಸಿದ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಆ ವರದಿಯಲ್ಲಿ ಅವರು ಅತಿಯಾಗಿ ಮೆಚ್ಚಿದ್ದು ಅರಮನೆಯ ಸಿಂಹಾಸನವನ್ನಲ್ಲ, ನೀರಿನ ಚೊಂಬನ್ನು. ಹೆಸರಿಲ್ಲದ ಅನೇಕ ಕೈಗಳು, ಅನೇಕ ತಲೆಮಾರುಗಳ ಬಳಕೆ ಸೇರಿ ರೂಪಿಸಿದ ವಸ್ತುವೆಂದು ಅದನ್ನು ಕೊಂಡಾಡಿದರು. ಮುನಿಗಳ ಬಳಿ ಇರುವ ಪಿಂಛಿ, ಕಮಂಡಲು, ಶಾಸ್ತ್ರಗಳನ್ನು ಪರಿಗ್ರಹವೆನ್ನದೆ ಉಪಕರಣವೆನ್ನುವುದೇಕೆಂಬುದನ್ನು ಇಲ್ಲಿ ನೆನೆಯಬಹುದು. ಕಮಂಡಲು ಎಷ್ಟು ಹಳೆಯದೆಂದು, ಯಾರು ಕಡೆದದ್ದೆಂದು ಯಾವ ಮುನಿಯೂ ಹೇಳಿಕೊಂಡದ್ದಿಲ್ಲ. ನೀರು ನಿಲ್ಲುವವರೆಗೆ ಅದು ಕಮಂಡಲು.

ಆದ್ದರಿಂದ ಮಾಗಡಿಯ ಗೃಹಸ್ಥನ ಪ್ರಶ್ನೆಗೆ ಉತ್ತರವನ್ನು ಕುರ್ಚಿಯ ವಯಸ್ಸಿನಲ್ಲಿ ಹುಡುಕುವುದು ವ್ಯರ್ಥ. ಮಾರಿದರೆ ಬರುವ ಹಣ ಧನದ ಮಿತಿಯೊಳಗೆ ಸೇರಬೇಕು. ಸೋಫಾವನ್ನು ತಂದರಂತೂ ಏಳು ಹೋಗಿ ಎಂಟಾಗುತ್ತದೆ. ಬೇರೆಯವರಿಗೆ ಕೊಟ್ಟುಬಿಡಬಹುದು, ಆದರೆ ಕೊಡುವಾಗ ಅದರ ಬೆಲೆಯನ್ನು ಹೇಳಿ ಕೊಡುವನೆ, ಹೇಳದೆ ಕೊಡುವನೆ ಎಂಬಲ್ಲಿ ಮನಸ್ಸಿನ ಇನ್ನೊಂದು ಪರೀಕ್ಷೆ ಕಾದಿದೆ. ಭೋಗೋಪಭೋಗ ಪರಿಮಾಣದಲ್ಲಿ ಮತ್ತೆ ಮತ್ತೆ ಬಳಸುವ ವಸ್ತುಗಳಿಗೆ ಕಾಲದ ಗಡುವಿಟ್ಟು ನಿಯಮವನ್ನೂ, ಬದುಕಿರುವವರೆಗೆ ಯಮವನ್ನೂ ಹೇಳಿರುವುದುಂಟು. ಅವನು ಅಜ್ಜನ ಕುರ್ಚಿಯನ್ನು ತಾನು ಕುಳಿತುಕೊಳ್ಳಲು ಇಟ್ಟುಕೊಂಡು, ಈವರೆಗೆ ಕುಳಿತಿದ್ದ ಕುರ್ಚಿಯನ್ನು ನೆರೆಯ ಶಾಲೆಗೆ ಕೊಟ್ಟನೆಂದುಕೊಳ್ಳಬಹುದು. ಲೆಕ್ಕ ಆರೇ ಆಯಿತು. ಆದರೆ ಅಪರೂಪದ್ದನ್ನು ತಂದು ಸಾಮಾನ್ಯವಾದದ್ದನ್ನು ತೆಗೆದವನಿಗೂ ಇವನಿಗೂ ವ್ಯತ್ಯಾಸವೇನು? ಹೊರಗಿನಿಂದ ನೋಡಿದರೆ ಏನೂ ಇಲ್ಲ. ವ್ಯತ್ಯಾಸವಿದ್ದರೆ ಅದು ಕುರ್ಚಿ ದುರಸ್ತಿಗೆ ಹೋದ ದಿನ ತಿಳಿಯುತ್ತದೆ.

ಬೆತ್ತ ಹೆಣೆಯುವವನು ಜಗಲಿಯ ಮೇಲೆ ಕುಳಿತು ಹರಿದದ್ದನ್ನು ಬಿಚ್ಚಿ, ನೆನೆಸಿದ ಹೊಸ ಬೆತ್ತವನ್ನು ಕಣ್ಣುಕಣ್ಣಾಗಿ ಎಳೆದು ಮುಗಿಸುತ್ತಾನೆ. ಆಮೇಲೆ ಚೀಲದಿಂದ ಒಂದು ಸೀಸೆ ತೆಗೆದು, ಹಳೆಯ ಬೀಟೆಗೆ ಕನ್ನಡಿಯ ಹೊಳಪು ಬರುತ್ತದೆ, ಪಾಲಿಷ್ ಹಚ್ಚಲೇ ಎಂದು ಕೇಳುತ್ತಾನೆ. ಸೀಸೆಯಲ್ಲಿರುವುದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಚಕ್ಕೆ. ಗೃಹಸ್ಥನು ಬೇಡವೆಂದು, ಅಡಿಗೆಮನೆಯಿಂದ ಒಂದಿಷ್ಟು ಎಣ್ಣೆಯನ್ನೂ ಹಳೆಯ ಪಂಚೆಯ ಚೂರನ್ನೂ ತರಿಸಿ ಕೈಯೊರಗನ್ನು ಒರೆಸುತ್ತಾನೆ. ಕುರ್ಚಿ ಹೊಳೆಯುವುದಿಲ್ಲ. ಸಂಜೆ ಸಾಮಾಯಿಕ ಮುಗಿದ ಮೇಲೆ ಅದರಲ್ಲಿ ಕುಳಿತು ಅವನು ಪುಸ್ತಕ ಓದುತ್ತಾನೆ.